ಕ್ಯಾಪ್ಟನ್ ಡಿ ಹ್ಯಾವಿಲೆಂಡನೂ ಶ್ರೀರಂಗಪಟ್ಟಣದ ಕಮಾನೂ

ಶ್ರೀರಂಗಪಟ್ಟಣವೆಂದೊಡನೆ ನಮ್ಮ ಮನಸ್ಸಿಗೆ ಬರುವ ಹೆಸರುಗಳು ಕೆಲವೇ. ಪಳ್ಳಿಕೊಂಡ ಶ್ರೀರಂಗನಾಥ, 1610ರಲ್ಲಿ ಪಟ್ಟಣವನ್ನು ವಶಪಡಿಸಿಕೊಂಡ ರಾಜ ಒಡೆಯರು, ಹೈದರಾಲಿ, ಟೀಪು ಸುಲ್ತಾನ್, ದಿವಾನ್ ಪೂರ್ಣಯ್ಯನವರು. ಆಂಗ್ಲರ ಪೈಕಿ ಯಾರನ್ನಾದರೂ ಹೆಸರಿಸೆಂದರೆ ವೆಲ್ಲೆಸ್ಲಿಯನ್ನು ಹೆಸರಿಸಿ ಸುಮ್ಮನಾಗುತ್ತೇವೆ. ಇವರೆಲ್ಲರೂ ಆಳಿದವರು, ಇಲ್ಲವೆ ಕಾದಾಡಿದವರು. ಆದರೆ 1799ರ ಮುತ್ತಿಗೆಯ ಮರುವರ್ಷಗಳಲ್ಲಿ ಅದೇ ದ್ವೀಪದಲ್ಲಿ ವಾಸವಾಗಿದ್ದು, ಕತ್ತಿಗಿಂತ ಇಟ್ಟಿಗೆ ಗಾರೆಗಳಲ್ಲಿ ಹೆಚ್ಚಿನ ನಂಬಿಕೆಯಿಟ್ಟಿದ್ದ ಒಬ್ಬ ಎಂಜಿನಿಯರನಿದ್ದ. ತನ್ನ ಕಾಲದಲ್ಲಿ ಮದರಾಸು ಪ್ರಾಂತದಲ್ಲೆಲ್ಲ ಹೆಸರಾಗಿದ್ದ ಆತನನ್ನು ಇಂದು ಅವನ ಕಮಾನು ನಿಂತಿದ್ದ ಊರಿನವರೂ ಮರೆತಿದ್ದಾರೆ. ಥಾಮಸ್ ಫಿಯಟ್ ಡಿ ಹ್ಯಾವಿಲೆಂಡ್ ಎಂಬ ಆ ಮನುಷ್ಯನ ಜೀವನವನ್ನು ಸಂಗ್ರಹವಾಗಿ ನಿರೂಪಿಸುವುದೇ ಈ ಲೇಖನದ ಉದ್ದೇಶ.

ಡಿ ಹ್ಯಾವಿಲೆಂಡ್ ಹುಟ್ಟಿದ್ದು 1775ರಲ್ಲಿ, ಗರ್ನ್ಸಿ ಎಂಬ ದ್ವೀಪದಲ್ಲಿ. ಇದು ಇಂಗ್ಲೆಂಡಿಗೂ ಫ್ರಾನ್ಸಿಗೂ ನಡುವಣ ಕಡಲಿನಲ್ಲಿ, ಫ್ರಾನ್ಸಿನ ದಡಕ್ಕೇ ಹೆಚ್ಚು ಸಮೀಪವಾಗಿರುವ ಚಿಕ್ಕ ನೆಲ. ಇಂಗ್ಲೆಂಡಿನ ಅರಸನ ಅಧೀನವಾದರೂ ಅಲ್ಲಿನ ಜನ ಆಗ ಮನೆಯಲ್ಲಿ ಆಡುತ್ತಿದ್ದದ್ದು ಒಂದು ಬಗೆಯ ಫ್ರೆಂಚ್ ಮಾತು. ಕಟ್ಟುತ್ತಿದ್ದದ್ದು ಗಟ್ಟಿಯಾದ ಬೆಣಚುಗಲ್ಲಿನ ಮನೆ. ತಂದೆ ಪೀಟರ್ ಡಿ ಹ್ಯಾವಿಲೆಂಡ್ ದ್ವೀಪದ ಗಣ್ಯರಲ್ಲೊಬ್ಬ. ಮುಂದೆ 1810ರಿಂದ 1821ರವರೆಗೆ ಅಲ್ಲಿನ ಮುಖ್ಯ ನ್ಯಾಯಾಧಿಕಾರಿಯಾಗಿದ್ದ. ಉಂಡುಟ್ಟು ಸುಖವಾಗಿರಬಹುದಾಗಿದ್ದ ಮನೆಯ ಮಗ ಕಡಲು ದಾಟಿ ಬಂದ. ಒಂದು ದ್ವೀಪದಲ್ಲಿ ಹುಟ್ಟಿ, ಸಾವಿರಾರು ಮೈಲಿಗಳಾಚೆಯ ಇನ್ನೊಂದು ದ್ವೀಪದಲ್ಲಿ ತನ್ನ ಜೀವಮಾನದ ಬಹು ದೊಡ್ಡ ಸಾಹಸವನ್ನು ಮಾಡಬೇಕೆಂಬುದು ಅವನ ಹಣೆಯಲ್ಲಿ ಬರೆದಿತ್ತೆಂದು ಕಾಣುತ್ತದೆ.

ಅವನ ಬಾಲ್ಯದ ಇಂಗ್ಲೆಂಡಿನ ಕಟ್ಟಡಗಳನ್ನು ಕುರಿತು ಇಲ್ಲಿ ಎರಡು ಮಾತು ಹೇಳುವುದು ಅವಶ್ಯಕ. ಒಬ್ಬ ಕುಶಲಿಗನನ್ನು ತಿಳಿಯಬೇಕಾದರೆ ಅವನ ಕಾಲದ ಕಸುಬನ್ನು ತಿಳಿಯಬೇಕು. ಆ ಕಾಲದ ಆಂಗ್ಲ ಪಟ್ಟಣಗಳ ಮುಖ್ಯ ಲಕ್ಷಣವೆಂದರೆ ಸಾಲುಮನೆ. ಒಂದರ ಗೋಡೆಗೆ ಇನ್ನೊಂದು ಅಂಟಿಕೊಂಡು, ಬೀದಿಯ ಉದ್ದಕ್ಕೂ ಒಂದೇ ಎತ್ತರದಲ್ಲಿ, ಒಂದೇ ಮುಖದಿಂದ ನಿಂತ ಮನೆಗಳ ಶ್ರೇಣಿಗೆ ಅವರು ಟೆರೇಸ್ ಎಂದು ಹೆಸರಿಟ್ಟರು. 1666ರಲ್ಲಿ ಲಂಡನ್ ನಗರ ಬೆಂಕಿಗೆ ಆಹುತಿಯಾಯಿತು. ಮರದ ಮನೆಗಳು ಒತ್ತಾಗಿ ನಿಂತಿದ್ದುದರಿಂದ ಜ್ವಾಲೆ ಬೀದಿಯಿಂದ ಬೀದಿಗೆ ಹಾರಿತು. ಮರುವರ್ಷವೇ ಬಂದ ಕಾನೂನು ಮನೆಯ ಹೊರಗೋಡೆಗಳು ಇಟ್ಟಿಗೆಯದೋ ಕಲ್ಲಿನದೋ ಆಗಿರತಕ್ಕದ್ದೆಂದು ವಿಧಿಸಿತು. ಎರಡು ಮನೆಗಳ ನಡುವಣ ಗೋಡೆ ಎಷ್ಟು ದಪ್ಪವಿರಬೇಕೆಂಬುದನ್ನೂ ಗೊತ್ತುಮಾಡಿತು. ಬೆಂಕಿ ಒಂದು ಮನೆಯಿಂದ ಇನ್ನೊಂದಕ್ಕೆ ಹೋಗದಂತೆ ತಡೆಯುವ ಈ ನಡುಗೋಡೆಯೇ ಆಂಗ್ಲರ ಸಾಲುಮನೆಯ ಬೆನ್ನೆಲುಬು. 1774ರಲ್ಲಿ, ಎಂದರೆ ಡಿ ಹ್ಯಾವಿಲೆಂಡ್ ಹುಟ್ಟುವುದಕ್ಕೆ ಒಂದು ವರ್ಷ ಮೊದಲು, ಇನ್ನೊಂದು ಕಾನೂನು ಬಂದು ಮನೆಗಳನ್ನು ಅಳತೆ ಬೆಲೆಗಳಿಗನುಸಾರವಾಗಿ ನಾಲ್ಕು ದರ್ಜೆಗಳಾಗಿ ವಿಂಗಡಿಸಿ, ಒಂದೊಂದು ದರ್ಜೆಗೂ ಗೋಡೆಯ ದಪ್ಪವನ್ನು ನಿರ್ಧರಿಸಿತು.

ಈ ಮನೆಗಳ ಬೀದಿಮುಖ ಬಲು ಕಿರಿದು. ಸುಮಾರು 20-25 ಅಡಿ. ಅಗಲದಲ್ಲಿ ಕಳೆದುಕೊಂಡದ್ದನ್ನು ಎತ್ತರದಲ್ಲಿಯೂ ಆಳದಲ್ಲಿಯೂ ಪಡೆಯುತ್ತಿದ್ದರು. ನೆಲದಡಿಯ ಅಂತಸ್ತಿನಲ್ಲಿ ಅಡಿಗೆಮನೆ, ಅದರ ಮೇಲೆ ಊಟದ ಕೋಣೆ, ಮೊದಲನೆಯ ಮಹಡಿಯಲ್ಲಿ ಅತಿಥಿಗಳನ್ನು ಬರಮಾಡಿಕೊಳ್ಳುವ ಎತ್ತರ ಕಿಟಕಿಗಳ ಹಜಾರ, ಅದಕ್ಕೂ ಮೇಲೆ ಮಲಗುವ ಕೋಣೆಗಳು, ಛಾವಣಿಯ ಸಂದಿಯಲ್ಲಿ ಆಳುಕಾಳುಗಳ ವಾಸ. ಹೊರಗೆ ನಿಂತು ಕಿಟಕಿಗಳ ಎತ್ತರವನ್ನು ನೋಡಿದರೇ ಯಾವ ಮಹಡಿಯಲ್ಲಿ ಯಾರಿರುವರೆಂದು ಹೇಳಬಹುದಾಗಿತ್ತು. ಅಗ್ಗಿಷ್ಟಿಕೆಯ ಹೊಗೆಗೂಡುಗಳು ನಡುಗೋಡೆಯೊಳಗೇ ಏರಿ ಮಾಡಿನ ಮೇಲೆ ಸಾಲಾಗಿ ತಲೆಯೆತ್ತುತ್ತಿದ್ದವು. ಕಲ್ಲಿದ್ದಲನ್ನು ತುಂಬಲು ಕಾಲುಹಾದಿಯ ಅಡಿಯಲ್ಲೇ ಇಟ್ಟಿಗೆಯ ಕಮಾನು ಹೊದಿಸಿದ ನೆಲಮಾಳಿಗೆ. ಬಾತ್ ಎಂಬ ಊರಿನಲ್ಲಿ ಕಿರಿಯ ಜಾನ್ ವುಡ್ ಎಂಬ ಶಿಲ್ಪಿ 1767ರಲ್ಲಿ ಪ್ರಾರಂಭಿಸಿದ ಅರ್ಧಚಂದ್ರಾಕೃತಿಯ ಬೀದಿಯಲ್ಲಿ 30 ಮನೆಗಳು ಒಂದೇ ಅರಮನೆಯಂತೆ ತೋರುತ್ತವೆ. ಆದರೆ ಆ ಕಲ್ಲುಮುಖದ ಹಿಂದೆ ಒಬ್ಬೊಬ್ಬ ಮಾಲೀಕನೂ ತನಗೆ ಬೇಕಾದಂತೆ ಮನೆಯನ್ನು ಕಟ್ಟಿಸಿಕೊಂಡ. ಹೊರಗೆ ಐಕ್ಯ, ಒಳಗೆ ಅವರವರ ಇಚ್ಛೆ.

ನಮ್ಮ ನಾಡಿಗೆ ಇದು ಅಪರಿಚಿತವೇನಲ್ಲ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಹಳೆಯ ಬೀದಿಗಳಲ್ಲಿ ನಡೆದವರಿಗೆ ಈ ಚಿತ್ರ ಕೂಡಲೆ ಕಣ್ಣಿಗೆ ಕಟ್ಟುತ್ತದೆ. ಅಲ್ಲಿಯೂ ಮನೆಗೆ ಮನೆ ಅಂಟಿಕೊಂಡಿದೆ. ಗೋಡೆ ಇಬ್ಬರಿಗೂ ಸೇರಿದ್ದು. ಬೀದಿಮುಖ ಕಿರಿದು, ಒಳಗೆ ಉದ್ದ ಹೆಚ್ಚು. ಆದರೆ ಭೇದವೂ ಇದೆ. ಆಂಗ್ಲರ ಮನೆಗೆ ಬೆಳಕು ಬರುವುದು ಮುಂದಣ ಹಿಂದಣ ಕಿಟಕಿಗಳಿಂದ. ಅದಕ್ಕೂ 1696ರಿಂದ 1851ರವರೆಗೆ ಸರ್ಕಾರ ಕಂದಾಯ ಹಾಕಿತ್ತು. ನಮ್ಮ ತೊಟ್ಟಿಮನೆಗೆ ಬೆಳಕು ಇಳಿಯುವುದು ಆಕಾಶದಿಂದ, ನಡುವಣ ತೊಟ್ಟಿಯ ಮೂಲಕ. ಅವರ ಬಾಗಿಲು ಮುಚ್ಚಿರುತ್ತದೆ. ನಮ್ಮ ಬಾಗಿಲ ಮುಂದೆ ಜಗುಲಿಯಿದೆ, ದಾರಿಹೋಕನೂ ಕುಳಿತು ಸುಧಾರಿಸಿಕೊಳ್ಳಬಹುದು. ಪದದ ವಿನೋದವೂ ಒಂದುಂಟು. ಅವರಲ್ಲಿ ಟೆರೇಸ್ ಎಂದರೆ ಮನೆಗಳ ಸಾಲು; ಪಶ್ಚಿಮದಿಂದ ಬಂದ ಅದೇ ಮಾತು ನಮ್ಮ ಬಾಯಲ್ಲಿ ತಾರಸಿಯಾಗಿ, ಮಳೆ ಬಿಸಿಲುಗಳನ್ನು ತಡೆಯುವ ಚಪ್ಪಟೆಯ ಗಾರೆ ಛಾವಣಿಗೆ ನಿಂತಿದೆ. ಸಾಲುಮನೆಯಲ್ಲಿ ಹುಟ್ಟಿ ಬೆಳೆದ ಆಂಗ್ಲ ಅಧಿಕಾರಿ ಭಾರತಕ್ಕೆ ಬಂದೊಡನೆ ನೆರೆಯವನ ಗೋಡೆಯನ್ನು ತೊರೆದು, ವಿಶಾಲವಾದ ತೋಟದ ನಡುವೆ ಒಂಟಿ ಬಂಗಲೆ ಕಟ್ಟಿಕೊಂಡ. ಸಾಲುಮನೆಯನ್ನು ಮಾತ್ರ ಸಿಪಾಯಿಗಳ ಬ್ಯಾರಕ್ಕಿಗೂ ಮುಂದೆ ರೈಲ್ವೆ ಕ್ವಾರ್ಟರ್ಸಿಗೂ ಬಿಟ್ಟುಕೊಟ್ಟ.

ಡಿ ಹ್ಯಾವಿಲೆಂಡ್ ಹದಿಹರೆಯದಲ್ಲಿಯೇ ಈಸ್ಟ್ ಇಂಡಿಯಾ ಕಂಪನಿಯ ಮದರಾಸು ಸೇನೆಯನ್ನು ಸೇರಿ, ಎಂಜಿನಿಯರುಗಳ ಪಡೆಯಲ್ಲಿ ಕೆಲಸ ಕಲಿತ. ಆ ಕಾಲದ ಸೇನಾ ಎಂಜಿನಿಯರನಿಗೆ ಒಂದೇ ಕೆಲಸವೆಂಬುದಿಲ್ಲ. ಇಂದು ಕೋಟೆಯ ಗೋಡೆಯನ್ನು ಒಡೆಯುವ ಬಗೆ ಹೇಳಬೇಕು, ನಾಳೆ ಅದೇ ಗೋಡೆಯನ್ನು ದುರಸ್ತಿ ಮಾಡಬೇಕು. ರಸ್ತೆ ಅಳೆಯಬೇಕು, ನಕ್ಷೆ ಬರೆಯಬೇಕು, ಇಗರ್ಜಿಯನ್ನೂ ಕಟ್ಟಬೇಕು. 1801ರಲ್ಲಿ ಫ್ರೆಂಚರ ವಿರುದ್ಧ ಭಾರತದಿಂದ ಈಜಿಪ್ಟಿಗೆ ಹೋದ ದಂಡಿನ ಜತೆಯಲ್ಲಿ ಅವನೂ ಹೋಗಿ ಬಂದ. ಅನಂತರದ ವರ್ಷಗಳಲ್ಲಿ ಅವನು ಶ್ರೀರಂಗಪಟ್ಟಣದ ಠಾಣ್ಯದಲ್ಲಿ ಕ್ಯಾಪ್ಟನ್ ಹುದ್ದೆಯಲ್ಲಿದ್ದ.

ಆಗಿನ ಶ್ರೀರಂಗಪಟ್ಟಣ ಒಂದು ಮಂಕು ಕವಿದ ಊರು. 1799ರ ಮೇ 4ರಂದು ಕೋಟೆ ಬಿದ್ದು ಟೀಪು ಮಡಿದ ಮೇಲೆ ರಾಜಧಾನಿ ಮೈಸೂರಿಗೆ ಹೋಯಿತು; ದ್ವೀಪ ಕಂಪನಿಯ ಕೈಗೆ ಬಂತು. ಅರಮನೆಯ ತೊಲೆಜಂತಿಗಳು ಬೇರೆ ಕಟ್ಟಡಗಳ ಪಾಲಾದವು. ಟೀಪುವಿನ ಕಾಲದಲ್ಲಿ ಒಂದೂವರೆ ಲಕ್ಷ ಜನರಿದ್ದರೆಂದು ಹೇಳುತ್ತಿದ್ದ ದ್ವೀಪದಲ್ಲಿ, 1800ರಲ್ಲಿ ಬುಕನನ್ ಬಂದು ಲೆಕ್ಕ ಹಾಕಿದಾಗ ಸುಮಾರು 32 ಸಾವಿರ ಜನರಷ್ಟೇ ಉಳಿದಿದ್ದರು. ಚಳಿಜ್ವರ ಊರನ್ನು ಹಿಂಡುತ್ತಿತ್ತು. ಬಂದ ಆಂಗ್ಲ ಅಧಿಕಾರಿಗಳು ನದಿಯ ದಡದಲ್ಲಿ ತೋಟದ ಬಂಗಲೆಗಳನ್ನು ಮಾಡಿಕೊಂಡರು. ಕರ್ನಲ್ ಸ್ಕಾಟನ ಬಂಗಲೆ ಅಂಥದ್ದೊಂದು. ಡಿ ಹ್ಯಾವಿಲೆಂಡನಿಗೂ ಒಂದು ಮನೆ, ಒಂದು ತೋಟ ಇದ್ದುವು. ಆ ತೋಟದಲ್ಲಿಯೇ ಅವನ ಕನಸು ಚಿಗುರಿತು.

ಶ್ರೀರಂಗಪಟ್ಟಣದ ಕಷ್ಟವೆಂದರೆ ಕಾವೇರಿ. ಊರನ್ನು ಕಾಪಾಡುತ್ತಿದ್ದ ನದಿಯೇ ಪ್ರವಾಹ ಬಂದಾಗ ಊರನ್ನು ಹೊರಜಗತ್ತಿನಿಂದ ಕತ್ತರಿಸುತ್ತಿತ್ತು. 1804ರಲ್ಲಿ ದಿವಾನ್ ಪೂರ್ಣಯ್ಯನವರು ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರಿನಲ್ಲಿ ಒಂದು ಸೇತುವೆಯನ್ನು ಕಟ್ಟಿಸಿದರು. ಅದು ಸಂಪೂರ್ಣವಾಗಿ ನಮ್ಮವರ ವಿದ್ಯೆ. ಇಡಿಯ ಕಲ್ಲುಕಂಬಗಳನ್ನು ನದಿಯ ತಳದ ಬಂಡೆಯಲ್ಲಿ ನಾಟಿ, ತಲೆಯ ಮೇಲೆ ಬೋದಿಗೆಗಳನ್ನಿಟ್ಟು, ಅವುಗಳ ಮೇಲೆ ಕಲ್ಲಿನ ತೊಲೆಗಳನ್ನು ಹಾಸಿ ಮಾಡಿದ್ದು. ಕೃಷ್ಣರಾಜಪೇಟೆಯ ಹತ್ತಿರದ ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯವನ್ನಾಗಲಿ, ನಾಗಮಂಗಲದ ಸೌಮ್ಯಕೇಶವ ದೇವಾಲಯವನ್ನಾಗಲಿ ನೋಡಿದವರು ಈ ವಿಧಾನವನ್ನು ಗುರುತಿಸಬಲ್ಲರು. ಕಂಬ, ಬೋದಿಗೆ, ತೊಲೆ ಎಂಬ ಮೂರು ಅಂಗಗಳಿಂದ ನಮ್ಮ ಶಿಲ್ಪಿಗಳು ಗುಡಿಯನ್ನೂ ಕಟ್ಟಿದರು, ಸೇತುವೆಯನ್ನೂ ಕಟ್ಟಿದರು. ಆ ಸೇತುವೆ ಇನ್ನೂರು ವರ್ಷಗಳ ಪ್ರವಾಹಗಳನ್ನು ಕಂಡಿದೆ.

ಆದರೆ ಈ ವಿಧಾನಕ್ಕೆ ಒಂದು ಮಿತಿಯಿದೆ. ಕಲ್ಲಿನ ತೊಲೆ ಬಹಳ ಉದ್ದವಾದರೆ ನಡುವೆ ಮುರಿಯುತ್ತದೆ. ಕಲ್ಲು ಒತ್ತಡವನ್ನು ತಾಳುತ್ತದೆಯೇ ಹೊರತು ಬಾಗುವುದನ್ನು ತಾಳದು. ಆದ್ದರಿಂದ ಕಂಬಗಳು ಹತ್ತಿರ ಹತ್ತಿರ ಇರಬೇಕು. ಕಂಬಗಳು ಹೆಚ್ಚಿದಷ್ಟೂ ನೀರಿಗೆ ಅಡ್ಡಿ. ಕಮಾನಿನ ಗುಣವೇ ಬೇರೆ. ಅದರಲ್ಲಿ ಒಂದೊಂದು ಇಟ್ಟಿಗೆಯೂ ಪಕ್ಕದ ಇಟ್ಟಿಗೆಯನ್ನು ಒತ್ತುತ್ತದೆ. ಬೀಳಬೇಕೆಂಬ ಭಾರವೇ ಬೀಳದಂತೆ ಹಿಡಿಯುವ ಬಲವಾಗುತ್ತದೆ. ದ್ವೀಪದ ಗುಂಬಜ್, ಜಾಮಿಯಾ ಮಸೀದಿಗಳನ್ನು 1780ರ ದಶಕದಲ್ಲಿ ಕಟ್ಟಿದ ಕೆಲಸಗಾರರಿಗೂ ಈ ಗುಟ್ಟು ಚೆನ್ನಾಗಿ ತಿಳಿದಿತ್ತು. ಆದರೆ ಸಾಮಾನ್ಯವಾಗಿ ಕಮಾನು ಅಗಲವಾದಷ್ಟೂ ಎತ್ತರವೂ ಆಗಬೇಕು. ಸೇತುವೆ ಬಹಳ ಎತ್ತರವಾದರೆ ಗಾಡಿ ಎತ್ತುಗಳು ಹತ್ತಲಾರವು. ಹಾಗೆಂದು ಕಮಾನನ್ನು ಚಪ್ಪಟೆ ಮಾಡಿದರೆ ಅದು ಎರಡು ತುದಿಗಳನ್ನೂ ಹೊರಕ್ಕೆ ದೂಡುತ್ತದೆ. ಅಗಲವೂ ಭಾರವೂ ಅಷ್ಟೇ ಇದ್ದು ಎತ್ತರವನ್ನು ಅರ್ಧ ಮಾಡಿದರೆ ಈ ದೂಡುವ ಬಲ ಎರಡರಷ್ಟಾಗುತ್ತದೆ.

ಡಿ ಹ್ಯಾವಿಲೆಂಡ್ ಮುಂದಿಟ್ಟ ಯೋಜನೆ ಕೇಳಿದವರನ್ನು ಬೆರಗುಗೊಳಿಸುವಂಥದು. ಕಾವೇರಿಯ ಕವಲಿಗೆ ಐದೇ ಐದು ಇಟ್ಟಿಗೆಯ ಕಮಾನುಗಳಿಂದ ಸೇತುವೆ ಕಟ್ಟಬಹುದೆಂದು ಅವನ ವಾದ. ಒಂದೊಂದು ಕಮಾನೂ ನೂರು ಅಡಿಗೂ ಮೀರಿ ಅಗಲ, ಮತ್ತು ಬಲು ಚಪ್ಪಟೆ. ಇದನ್ನು ಮೇಲಿನವರು ಒಪ್ಪಲಿಲ್ಲ. ಇಂಥ ಸಂದರ್ಭದಲ್ಲಿ ಸಾಮಾನ್ಯ ಅಧಿಕಾರಿ ಮತ್ತೊಂದು ಅರ್ಜಿ ಬರೆದು ಕೈಕಟ್ಟಿ ಕೂರುತ್ತಾನೆ. ಈತ ಹಾಗೆ ಮಾಡಲಿಲ್ಲ. 1808ರ ಸುಮಾರಿನಲ್ಲಿ ತನ್ನ ತೋಟದಲ್ಲಿಯೇ ಅದೇ ಅಳತೆಯ ಒಂದು ಕಮಾನನ್ನು ಕಟ್ಟಿ ನಿಲ್ಲಿಸಿದ! ಅದರ ಕೆಳಗೆ ನದಿಯಿಲ್ಲ, ಮೇಲೆ ರಸ್ತೆಯಿಲ್ಲ. ಅದು ಯಾವ ಮನೆಗೂ ಸೇರಿದ್ದಲ್ಲ, ಯಾವ ಊರಿಗೂ ದಾರಿಯಲ್ಲ. ಒಂದು ವಾದವನ್ನು ಇಟ್ಟಿಗೆ ಗಾರೆಗಳಲ್ಲಿ ಬರೆದಿಟ್ಟ ಪ್ರಮಾಣವಷ್ಟೆ.

ಅಂಥ ಕಮಾನನ್ನು ಕಟ್ಟುವ ಬಗೆ ವಿಚಾರಮಾಡತಕ್ಕದ್ದು. ಮೊದಲು ಎರಡು ತುದಿಗಳಲ್ಲಿಯೂ ಭಾರವಾದ ಗೋಡೆಗಟ್ಟುಗಳನ್ನು ಎಬ್ಬಿಸಬೇಕು. ನಡುವೆ ಮರಮುಟ್ಟುಗಳಿಂದ ಕಮಾನಿನಾಕಾರದ ಆಸರೆ ಮಾಡಿ, ಅದರ ಮೇಲೆ ಎರಡು ಕಡೆಗಳಿಂದಲೂ ಸಮವಾಗಿ ಇಟ್ಟಿಗೆ ಕಟ್ಟುತ್ತ ನೆತ್ತಿಯಲ್ಲಿ ಕೂಡಿಸಬೇಕು. ಒಂದು ಕಡೆ ಮುಂದಾಗಿ ಇನ್ನೊಂದು ಕಡೆ ಹಿಂದಾದರೆ ಆಸರೆ ವಾಲುತ್ತದೆ. ಗಾರೆ ಬಲಿಯುವವರೆಗೆ ಕಾದು, ಆಮೇಲೆ ಆಸರೆಯನ್ನು ಮೆಲ್ಲಮೆಲ್ಲನೆ ಸಡಿಲಿಸಬೇಕು. ಆ ಗಳಿಗೆಯೇ ಪರೀಕ್ಷೆ. ಲೆಕ್ಕ ತಪ್ಪಿದ್ದರೆ ಕಮಾನಿನ ಜತೆಗೆ ಕಟ್ಟಿದವನ ಮಾನವೂ ನೆಲ ಕಚ್ಚುತ್ತದೆ. ಡಿ ಹ್ಯಾವಿಲೆಂಡನ ಲೆಕ್ಕ ತಪ್ಪಲಿಲ್ಲ, ಕಮಾನು ನಿಂತಿತು. ಲೆಕ್ಕ ಅವನದಾದರೂ ಕಟ್ಟಿದ ಕೈಗಳು ಈ ನೆಲದವು. ಸುಣ್ಣವನ್ನು ಅರೆದು ಗಾರೆಯನ್ನು ಹದಮಾಡಿದವರ, ಇಟ್ಟಿಗೆ ಸುಟ್ಟವರ ಹೆಸರುಗಳನ್ನು ಯಾರೂ ಬರೆದಿಡಲಿಲ್ಲ. ಅವರ ಕೈಗುಣವಿಲ್ಲದೆ ಕ್ಯಾಪ್ಟನ್ನನ ಗಣಿತ ಕಾಗದದ ಮೇಲೇ ಉಳಿಯುತ್ತಿತ್ತೆಂಬುದನ್ನು ನಾವು ಮರೆಯಬಾರದು.

ಇನ್ನೊಂದು ಸೂಕ್ಷ್ಮವನ್ನೂ ಇಲ್ಲಿ ಗಮನಿಸಬೇಕು. ಸಾಲುಮನೆಗಳಲ್ಲಿ ನಡುವಣ ಮನೆಗೆ ಎರಡು ಕಡೆಯಿಂದಲೂ ಆಸರೆ ಇರುತ್ತದೆ. ಕೊನೆಯ ಮನೆಗೆ ಮಾತ್ರ ಒಂದು ಮಗ್ಗುಲು ಬರಿದು. ಸಾಲುಕಮಾನುಗಳ ಸೇತುವೆಯೂ ಹಾಗೆಯೇ. ಮುಗಿದ ಸೇತುವೆಯಲ್ಲಿ ಒಂದು ಕಮಾನಿನ ಒತ್ತನ್ನು ಪಕ್ಕದ ಕಮಾನು ಎದುರಿಸುತ್ತದೆ. ನಡುಗಂಬಗಳು ಮುಖ್ಯವಾಗಿ ಭಾರವನ್ನು ಹೊತ್ತರೆ ಸಾಕು. ತೋಟದಲ್ಲಿ ಒಂಟಿಯಾಗಿ ನಿಂತ ಕಮಾನಿಗೆ ಈ ನೆರೆಹೊರೆಯ ನೆರವಿಲ್ಲ. ಎರಡು ತುದಿಗಳ ಒತ್ತನ್ನೂ ತಾನೇ ತಾಳಿಕೊಳ್ಳಬೇಕು. ಒಂದು ದೃಷ್ಟಿಯಿಂದ ಡಿ ಹ್ಯಾವಿಲೆಂಡ್ ತನ್ನ ವಾದವನ್ನು ಅದಕ್ಕೆ ಬೇಕಾದುದಕ್ಕಿಂತ ಕಠಿಣವಾದ ಪರೀಕ್ಷೆಗೇ ಒಡ್ಡಿದ. ಇನ್ನೊಂದು ದೃಷ್ಟಿಯಿಂದ ಪರೀಕ್ಷೆ ಅಪೂರ್ಣ. ತೋಟದಲ್ಲಿ ಪ್ರವಾಹವಿಲ್ಲ, ತಳಪಾಯವನ್ನು ಕೊರೆಯುವ ಸುಳಿಯಿಲ್ಲ, ಮೇಲೆ ತೋಪಿನ ಗಾಡಿಗಳ ಸಾಲಿಲ್ಲ. ಇಟ್ಟಿಗೆ ಗೆದ್ದಿತು, ನದಿಯ ಎದುರು ಗೆಲ್ಲುತ್ತಿತ್ತೇ ಎಂಬುದನ್ನು ಹೇಳಬೇಕಾದದ್ದು ನದಿಯೇ.

ಈ ಕಾಲದ್ದೇ ಆದ ಅವನ ಇನ್ನೊಂದು ಕೆಲಸ ಮೈಸೂರಿನಲ್ಲಿದೆ. 1805ರಲ್ಲಿ ಪ್ರಾರಂಭವಾದ ರೆಸಿಡೆಂಟರ ನಿವಾಸಕ್ಕೆ, ಎಂದರೆ ಈಗ ಸರ್ಕಾರಿ ಅತಿಥಿಗೃಹವಾಗಿರುವ ಕಟ್ಟಡಕ್ಕೆ, ಅವನು ವಿಶಾಲವಾದ ಔತಣದ ಹಜಾರವೊಂದನ್ನು ರಚಿಸಿಕೊಟ್ಟ. ನಡುವೆ ಒಂದು ಕಂಬವೂ ಇಲ್ಲದ ಆ ಕೋಣೆ ದಕ್ಷಿಣ ಭಾರತದ ಅತಿ ದೊಡ್ಡ ಕಂಬರಹಿತ ಕೋಣೆಗಳಲ್ಲೊಂದೆಂದು ಹೆಸರಾಯಿತು. ಆಸರೆಯಿಲ್ಲದೆ ಅಗಲವನ್ನು ದಾಟುವುದೇ ಅವನ ಜೀವನದ ಹುಚ್ಚಾಗಿತ್ತೆಂದರೆ ತಪ್ಪಾಗದು.

ಅಷ್ಟರಲ್ಲಿ ಅವನ ಬಾಳಿನ ಕೆಟ್ಟ ಗಳಿಗೆ ಬಂತು. 1809ರಲ್ಲಿ ಮದರಾಸು ಸೇನೆಯ ಆಂಗ್ಲ ಅಧಿಕಾರಿಗಳು ತಮ್ಮ ಸರ್ಕಾರದ ಮೇಲೆಯೇ ತಿರುಗಿಬಿದ್ದರು. ಗುಡಾರಗಳ ಗುತ್ತಿಗೆಯಿಂದ ಅಧಿಕಾರಿಗಳಿಗೆ ಬರುತ್ತಿದ್ದ ಆದಾಯವನ್ನು ಸರ್ಕಾರ ನಿಲ್ಲಿಸಿತ್ತು. ಗವರ್ನರ್ ಸರ್ ಜಾರ್ಜ್ ಬಾರ್ಲೋ ಕಠಿಣವಾಗಿ ವರ್ತಿಸಿ ಕೆಲವರನ್ನು ಹುದ್ದೆಯಿಂದ ತೆಗೆದಿದ್ದ. ಸರ್ಕಾರಕ್ಕೆ ನಿಷ್ಠರಾಗಿರುವೆವೆಂದು ರುಜು ಹಾಕಬೇಕೆಂಬ ಆಜ್ಞೆ ಬಂದಾಗ ಶ್ರೀರಂಗಪಟ್ಟಣದ ಠಾಣ್ಯ ಒಪ್ಪಲಿಲ್ಲ. ಕರ್ನಲ್ ಬೆಲ್ಲನ ನಾಯಕತ್ವದಲ್ಲಿ ಕೋಟೆಯ ಬಾಗಿಲುಗಳು ಮುಚ್ಚಿದುವು. ಡಿ ಹ್ಯಾವಿಲೆಂಡ್ ಕೋಟೆಯೊಳಗಿನ ಅಧಿಕಾರಿಗಳ ಪಕ್ಷದಲ್ಲಿ ನಿಂತ.

ಈ ಜಗಳದ ಬೆಲೆಯನ್ನು ತೆತ್ತವರು ಜಗಳಕ್ಕೆ ಸಂಬಂಧವೇ ಇಲ್ಲದವರು. ಕೋಟೆಯವರಿಗೆ ನೆರವಾಗಲು ಚಿತ್ರದುರ್ಗದಿಂದ ಹೊರಟ ಎರಡು ಪಡೆಗಳನ್ನು ಆಗಸ್ಟ್ 11ರಂದು ಶ್ರೀರಂಗಪಟ್ಟಣದ ಸಮೀಪದಲ್ಲಿ ಸರ್ಕಾರದ ದಂಡೂ ಮೈಸೂರಿನ ಕುದುರೆ ಸವಾರರೂ ಎದುರಿಸಿ ಚದರಿಸಿದರು. ತಮ್ಮ ಅಧಿಕಾರಿಗಳು ಏಕೆ ಮುನಿದರೆಂಬುದನ್ನೂ ಅರಿಯದ ಸಿಪಾಯಿಗಳು ಪ್ರಾಣ ತೆತ್ತರು. ಆಗಸ್ಟ್ 23ರಂದು ಕೋಟೆ ಶರಣಾಯಿತು. ಗುಡಾರದ ಲೆಕ್ಕಕ್ಕಾಗಿ ಹುಟ್ಟಿದ ವೈಮನಸ್ಯ ಬಡವರ ಹೆಣಗಳಲ್ಲಿ ಕೊನೆಗಂಡಿತು. ಡಿ ಹ್ಯಾವಿಲೆಂಡ್ ಕೆಲಸ ಕಳೆದುಕೊಂಡು ಊರಿಗೆ ಮರಳಬೇಕಾಯಿತು. ಕಮಾನಿನ ಒತ್ತಡವನ್ನು ಅಷ್ಟು ನಿಖರವಾಗಿ ಅಳೆಯಬಲ್ಲವನಿಗೆ, ಮನುಷ್ಯರ ಒಂದು ಕೂಟ ಬಿರುಕು ಬಿಟ್ಟಾಗ ಅದರ ಭಾರ ಯಾರ ಮೇಲೆ ಬೀಳುವುದೆಂಬುದನ್ನು ಅಳೆಯುವುದಾಗಲಿಲ್ಲ. ಅವನ ಚರಿತ್ರೆಯನ್ನು ಬರೆಯುವವರು ಈ ಅಧ್ಯಾಯವನ್ನು ಮುಚ್ಚಿಡುವುದು ನ್ಯಾಯವಲ್ಲ.

ಇತ್ತ ಶ್ರೀರಂಗಪಟ್ಟಣದ ಭಾಗ್ಯವೂ ಇಳಿಯಿತು. ಚಳಿಜ್ವರಕ್ಕೆ ಹೆದರಿ 1811ರಲ್ಲಿ ಸೇನೆಯ ಮುಖ್ಯಠಾಣ್ಯವನ್ನು ಬೆಂಗಳೂರಿಗೆ ಬದಲಾಯಿಸಿದರು. ದಂಡೇ ಹೋದಮೇಲೆ ಐದು ಕಮಾನುಗಳ ಸೇತುವೆಯನ್ನು ಕೇಳುವವರಾರು? ಪೂರ್ಣಯ್ಯನವರ ಕಲ್ಲುಸೇತುವೆಯೇ ಊರಿಗೆ ಸಾಕಾಯಿತು. ತೋಟದ ಕಮಾನು ಯಜಮಾನನಿಲ್ಲದೆ ಒಂಟಿಯಾಗಿ ನಿಂತಿತು.

1812ರಲ್ಲಿ ಡಿ ಹ್ಯಾವಿಲೆಂಡನನ್ನು ಮತ್ತೆ ಸೇವೆಗೆ ಸೇರಿಸಿಕೊಂಡರು. 1814ರಲ್ಲಿ ಮದರಾಸಿಗೆ ಬಂದಮೇಲೆ ಅವನ ಬಾಳಿನ ಸಮೃದ್ಧವಾದ ಭಾಗ ಪ್ರಾರಂಭವಾಗುತ್ತದೆ. ಕಾಲ್ಡ್‌ವೆಲ್ ಎಂಬ ಹಿರಿಯ ಎಂಜಿನಿಯರನ ನಕ್ಷೆಯಂತೆ ಸೇಂಟ್ ಜಾರ್ಜ್ ಇಗರ್ಜಿಯನ್ನು ಕಟ್ಟಿಸಿದವನು ಇವನೇ. ಅದು 1816ರ ಜನವರಿಯಲ್ಲಿ ಪ್ರತಿಷ್ಠೆಗೊಂಡಿತು. ಎರಡು ವರ್ಷಗಳ ಬಳಿಕ, 1818ರಲ್ಲಿ, ಅವನ ಪತ್ನಿ ಎಲಿಜಬೆತ್ ತೀರಿಕೊಂಡಳು. ಆ ಇಗರ್ಜಿಯ ಸ್ಮಶಾನದಲ್ಲಿ ಮೊಟ್ಟಮೊದಲು ಮಣ್ಣು ಮಾಡಿದ್ದು ಆಕೆಯನ್ನೇ. ತಾನು ಕಟ್ಟಿದ ಗೋಡೆಗಳ ನೆರಳಿನಲ್ಲಿ ತನ್ನವಳನ್ನೇ ಮೊದಲು ಮಲಗಿಸಬೇಕಾದ ದುಃಖ ಯಾವ ಶಿಲ್ಪಿಗೂ ಬಾರದಿರಲಿ.

ಅದೇ 1818ರ ಏಪ್ರಿಲಿನಲ್ಲಿ ಅವನ ಅತ್ಯುತ್ತಮ ಕೃತಿಯೆನಿಸಿದ ಸೇಂಟ್ ಆಂಡ್ರೂಸ್ ಇಗರ್ಜಿಗೆ ತಳಹದಿ ಹಾಕಿದರು. ಮಡದಿ ತೀರಿ ಒಂದು ತಿಂಗಳೂ ತುಂಬಿರಲಿಲ್ಲ. ಎಗ್ಮೋರಿನ ಆ ನೆಲ ಜಿಗಟು ಮಣ್ಣಿನದು, ಭಾರ ತಾಳದು. ಡಿ ಹ್ಯಾವಿಲೆಂಡ್ ಈ ದೇಶದವರು ಬಲ್ಲ ಉಪಾಯವನ್ನೇ ಹಿಡಿದ. ಬಾವಿಗಳಂತಹ ಸುತ್ತುಕಟ್ಟುಗಳನ್ನು ಸಾಲಾಗಿ ನೆಲದೊಳಕ್ಕೆ ಇಳಿಸಿ, ಅವುಗಳ ಮೇಲೆ ಕಟ್ಟಡವನ್ನು ಕೂರಿಸಿದ. ಒಳಗೆ 16 ಕಂಬಗಳ ವೃತ್ತ. ಅವುಗಳ ಮೇಲೆ ಸುಮಾರು 50 ಅಡಿ ಅಗಲದ ಗುಮ್ಮಟ. ಗುಮ್ಮಟದ ಭಾರವನ್ನು ತಗ್ಗಿಸಲು ಟೊಳ್ಳಾದ ಸುಟ್ಟಮಣ್ಣಿನ ಕುಡಿಕೆಗಳನ್ನು ಬಳಸಿದ. ಗೆದ್ದಲಿಗೆ ಆಹಾರವಾಗುವ ಮರವನ್ನು ಛಾವಣಿಯಿಂದ ದೂರವಿಟ್ಟ. 1821ರ ಫೆಬ್ರವರಿಯಲ್ಲಿ ಬಾಗಿಲು ತೆರೆದ ಆ ಇಗರ್ಜಿ ಈಗಲೂ ಗಟ್ಟಿಯಾಗಿದೆ. ಹೊರಗಿನ ಮುಖ ಲಂಡನ್ನಿನದು. ಬುನಾದಿಯ ವಿದ್ಯೆ ನಮ್ಮದು. ಶ್ರೀರಂಗಪಟ್ಟಣದ ತೋಟದಲ್ಲಿ ಕಲಿತ ಧೈರ್ಯ ಆ ಗುಮ್ಮಟದಲ್ಲಿ ಫಲ ಕೊಟ್ಟಿತೆಂದು ಹೇಳಬಹುದು.

ಕಟ್ಟಡಗಳಲ್ಲದೆ ಇತರ ಕೆಲಸಗಳಲ್ಲಿಯೂ ಅವನ ಕೈ ಆಡಿತು. ಬಂಗಾಳ ಕೊಲ್ಲಿಯ ಅಲೆಗಳು ಮದರಾಸಿನ ದಡವನ್ನು ಕೊರೆಯುತ್ತಿದ್ದುದನ್ನು ತಡೆಯಲು ಕಲ್ಲಿನ ಅಡ್ಡಗೋಡೆಯನ್ನು ಕಟ್ಟಿಸಿದ. 1821ರಲ್ಲಿ ಕಡಲಿನ ಏರಿಳಿತಗಳನ್ನು ತಿಂಗಳುಗಟ್ಟಲೆ ಅಳತೆಮಾಡಿಸಿ ಸರಾಸರಿ ಸಮುದ್ರಮಟ್ಟವನ್ನು ಗೊತ್ತುಪಡಿಸಿ, ಅದಕ್ಕೊಂದು ಗುರುತಿನ ಕಲ್ಲನ್ನು ನೆಡಿಸಿದ. ಊರುಗಳ ಎತ್ತರವನ್ನು ಸಮುದ್ರಮಟ್ಟದಿಂದ ಇಷ್ಟು ಅಡಿಯೆಂದು ನಾವು ಭೂಗೋಳದ ಪುಸ್ತಕದಲ್ಲಿ ಓದುತ್ತೇವಷ್ಟೆ; ಆ ಬಗೆಯ ಅಳತೆಗೆ ನಮ್ಮ ದೇಶದಲ್ಲಿ ಮೊದಲು ಬುನಾದಿ ಹಾಕಿದವರಲ್ಲಿ ಇವನೂ ಒಬ್ಬ.

1825ರಲ್ಲಿ ಲೆಫ್ಟಿನೆಂಟ್ ಕರ್ನಲ್ ಪದವಿಯಿಂದ ನಿವೃತ್ತನಾಗಿ ಡಿ ಹ್ಯಾವಿಲೆಂಡ್ ಗರ್ನ್ಸಿಗೆ ಹಿಂದಿರುಗಿದ. ಅಲ್ಲಿ ಸೇಂಟ್ ಪೀಟರ್ ಪೋರ್ಟ್ ಎಂಬ ಮುಖ್ಯಪಟ್ಟಣದಲ್ಲಿ ಆ ಶತಮಾನದ ಮೊದಲ ಭಾಗದಲ್ಲಿ ಗುಡ್ಡದ ಮೇಲೆ ಆಂಗ್ಲ ಮಾದರಿಯ ಸಾಲುಮನೆಗಳು ಎದ್ದುವು. ಇಂದಿಗೂ ಅವು ಆ ಊರಿಗೆ ಶೋಭೆ. ಅವನು ದ್ವೀಪದ ನ್ಯಾಯಸ್ಥಾನದಲ್ಲಿ ಸದಸ್ಯನಾಗಿ ಸಾರ್ವಜನಿಕ ಕಾರ್ಯಗಳಲ್ಲಿ ದುಡಿದ. 1866ರಲ್ಲಿ, ತೊಂಬತ್ತು ವರ್ಷ ತುಂಬಿದ ಮುದುಕನಾಗಿ, ಹುಟ್ಟಿದ ನೆಲದಲ್ಲಿಯೇ ಕಣ್ಣು ಮುಚ್ಚಿದ.

ತೋಟದ ಕಮಾನು ಅವನಿಗಿಂತ ದೀರ್ಘಾಯುಷ್ಯವುಳ್ಳದ್ದಾಯಿತು. ಬಿಸಿಲು ಮಳೆಗಳಿಗೆ ಮೈಯೊಡ್ಡಿ ಒಂದೂಕಾಲು ಶತಮಾನ ಅದು ನಿಂತಿತು. ನೆತ್ತಿಯ ಮೇಲೆ ನಿಂತು ಕುಪ್ಪಳಿಸಿದರೆ ಅದು ಅಲುಗುತ್ತಿತ್ತು. ಊರು ನೋಡಲು ಬಂದವರಿಗೆ ಅದೊಂದು ಸೋಜಿಗ. ಅಲುಗಿದರೂ ಬೀಳುತ್ತಿರಲಿಲ್ಲ. ಕೊನೆಗೆ 1930ರ ದಶಕದಲ್ಲಿ ಕುಸಿದುಬಿತ್ತು. ಇಂಗ್ಲೆಂಡಿನಲ್ಲಿ ಬ್ರೂನೆಲ್ ಎಂಬ ಪ್ರಖ್ಯಾತ ಎಂಜಿನಿಯರು ಮೇಡನ್‌ಹೆಡ್ ಎಂಬಲ್ಲಿ ಥೇಮ್ಸ್ ನದಿಗೆ 128 ಅಡಿ ಅಗಲದ ಎರಡು ಚಪ್ಪಟೆಯ ಇಟ್ಟಿಗೆ ಕಮಾನುಗಳ ರೈಲು ಸೇತುವೆಯನ್ನು ಕಟ್ಟಿದ್ದು 1838-39ರಲ್ಲಿ. ಆಗಲೂ ಅದು ಬಿದ್ದೇ ಬೀಳುತ್ತದೆಂದು ಬಲ್ಲವರು ತಲೆಯಾಡಿಸಿದರು. ಆ ಸೇತುವೆಯ ಮೇಲೆ ಈಗಲೂ ರೈಲುಗಳು ಓಡುತ್ತಿವೆ. ನಮ್ಮ ಕಾವೇರಿಯ ದ್ವೀಪದಲ್ಲಿ ಆ ಬಗೆಯ ಕಮಾನು ಅದಕ್ಕೂ ಸುಮಾರು 30 ವರ್ಷ ಮೊದಲೇ ನಿಂತಿತ್ತು. ಆದರೆ ಬ್ರೂನೆಲ್ಲನಿಗೆ ನದಿ ದೊರೆಯಿತು. ಡಿ ಹ್ಯಾವಿಲೆಂಡನಿಗೆ ತೋಟವಷ್ಟೆ ದೊರೆಯಿತು.

ಹಾಗಾದರೆ ಅವನ ಸಾಹಸ ವ್ಯರ್ಥವಾಯಿತೇ? ಸೇತುವೆಯೆಂಬ ದೃಷ್ಟಿಯಿಂದ ನೋಡಿದರೆ ಹೌದೆನ್ನಬೇಕು. ಅದರ ಮೇಲೆ ಒಂದು ಗಾಡಿಯೂ ದಾಟಲಿಲ್ಲ. ಇಂದು ಅದರ ಇಟ್ಟಿಗೆಯನ್ನು ಹುಡುಕುವುದೂ ಕಷ್ಟ. ಪೂರ್ಣಯ್ಯನವರ ಸೇತುವೆ ಹೊಸದೇನನ್ನೂ ಸಾಧಿಸಹೊರಡಲಿಲ್ಲ. ತಿಳಿದ ವಿದ್ಯೆಯನ್ನು ತಿಳಿದ ಕೈಗಳಿಂದ, ಸ್ಥಳಕ್ಕೆ ತಕ್ಕಂತೆ ಮಾಡಿತು, ಜನರಿಗೆ ಉಪಯೋಗವಾಯಿತು. ಎರಡನ್ನೂ ಒಟ್ಟಿಗೆ ನೋಡಿದಾಗ ನಾಡಿಗೆ ಎರಡು ಬಗೆಯ ಕಟ್ಟುವವರೂ ಬೇಕೆಂದು ತೋರುತ್ತದೆ. ಇದ್ದ ವಿದ್ಯೆಯಿಂದ ಇಂದಿನ ಹೊಳೆಯನ್ನು ದಾಟಿಸುವವರು ಬೇಕು. ನಾಳೆಯ ಹೊಳೆಗಾಗಿ ಇಂದು ತೋಟದಲ್ಲಿ ಕಮಾನು ಕಟ್ಟಿ ನೋಡುವವರೂ ಬೇಕು. ಮಾತಿನ ವಾದಕ್ಕೆ ಮಾತಿನಿಂದಲ್ಲದೆ ಕೃತಿಯಿಂದ ಉತ್ತರ ಕೊಟ್ಟದ್ದು ಅವನ ಹಿರಿಮೆ. ಗೆಳೆಯರ ಪಕ್ಷ ಹಿಡಿದು ಸಿಪಾಯಿಗಳ ಗತಿಯನ್ನು ಯೋಚಿಸದೆ ಹೋದದ್ದು ಅವನ ಕೊರತೆ. ಎರಡೂ ಒಬ್ಬನೇ ಮನುಷ್ಯನವು.

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ದೇವಾಲಯಗಳ ಶಿಲ್ಪವನ್ನು ಕುರಿತು ಬರೆದವರು ಅನೇಕರಿದ್ದಾರೆ. ಮನುಷ್ಯರು ವಾಸಿಸಿದ ಮನೆ, ನಡೆದ ಸೇತುವೆ, ನೀರು ಸೇದಿದ ಬಾವಿಗಳನ್ನು ಅಳೆದು ಬರೆದವರು ವಿರಳ. ಆಂಗ್ಲರು ತಮ್ಮ ಸಾಲುಮನೆಗಳನ್ನು ಕಾನೂನು ಮಾಡಿ ಉಳಿಸಿಕೊಂಡಿದ್ದಾರೆ. ಒಂದು ಬಾಗಿಲಿನ ಬಣ್ಣ ಬದಲಾಯಿಸಬೇಕಾದರೂ ಕೆಲವು ಬೀದಿಗಳಲ್ಲಿ ಅಪ್ಪಣೆ ಬೇಕು. ನಮ್ಮಲ್ಲಿ ತೊಟ್ಟಿಮನೆಗಳು ಒಂದೊಂದಾಗಿ ಉರುಳುತ್ತಿವೆ. ಮೇಲುಕೋಟೆಯ ಬೀದಿಯಲ್ಲಿ ನಡುವಣ ಒಂದು ಮನೆಯನ್ನು ಕೆಡವಿದರೆ ಎರಡು ಕಡೆಯ ಮನೆಗಳ ಗೋಡೆಯೂ ಬಿರಿಯುತ್ತದೆ. ಸಾಲುಮನೆಯೂ ಕಮಾನಿನಂತೆಯೇ, ಒಂದರ ಬಲ ಇನ್ನೊಂದರಲ್ಲಿದೆ. ನಮ್ಮ ಕಾಲೇಜಿನ ಮಿತ್ರರಲ್ಲಿ ಯಾರಾದರೂ ರಜೆಯ ದಿನಗಳಲ್ಲಿ ಒಂದು ಅಳತೆಪಟ್ಟಿಯನ್ನೂ ಒಂದು ನೋಟುಬುಕ್ಕನ್ನೂ ಹಿಡಿದು, ತಮ್ಮ ಊರಿನ ಒಂದೇ ಒಂದು ಬೀದಿಯ ಮನೆಗಳನ್ನು ಅಳೆದು ನಕ್ಷೆ ಬರೆದಿಟ್ಟರೂ ಸಾಕು. ಕುಸಿದ ಮೇಲೆ ಹುಡುಕುವವರಿಗೆ, ನಿಂತಿದ್ದಾಗ ಅಳೆದವರ ಪುಟಕ್ಕಿಂತ ಬೆಲೆಯುಳ್ಳದ್ದು ಬೇರೊಂದಿಲ್ಲ.